ಕಲಗಚ್ಚಿನ ಬಾನಿ ಇಲ್ಲದ ಮನೆ

ಮಾನ್ಯ ಸಂಪಾದಕರೇ,

ಹೊಸನಗರ ತಾಲ್ಲೂಕಿನ ಹಳ್ಳಿ ಬಿಟ್ಟು ನಾವು ಶಿವಮೊಗ್ಗಕ್ಕೆ ಬಂದು ಆರು ವರ್ಷವಾಯಿತು. ದನ ಮಾರಿಯೇ ಬಂದೆವು. ಆದರೆ ಅಕ್ಕಿ ಅಳೆಯುವ ನನ್ನ ಕೈ ಮಾತ್ರ ಊರಿನದೇ. ಮೂವರಿಗೆ ಸಾಕಾಗುವಷ್ಟು ಅಳೆದ ಮೇಲೆ, 'ಯಾರಾದರೂ ಬಂದರೆ' ಎಂದು ಇನ್ನೊಂದು ಹಿಡಿ. ಊರಲ್ಲಿ ಯಾರಾದರೂ ಬಂದೇ ಬರುತ್ತಿದ್ದರು. ಬಾರದಿದ್ದರೆ ಮಿಕ್ಕ ಅನ್ನ, ತರಕಾರಿ ಸಿಪ್ಪೆ, ಅಕ್ಕಿ ತೊಳೆದ ನೀರು ಎಲ್ಲ ದನಗಳಿಗಿಡುವ ಕಲಗಚ್ಚಿನ ಬಾನಿಗೆ. ಇಲ್ಲಿ ಫೋನ್ ಮಾಡದೆ ಯಾರೂ ಬರುವುದಿಲ್ಲ. ಆ ಒಂದು ಹಿಡಿ ದಿನಾ ಹಸಿಕಸದ ಬಕೆಟ್ ಸೇರುತ್ತಿತ್ತು.

ಹೋದ ತಿಂಗಳು ಒಂದು ವಾರ ಆ ಬಕೆಟ್ಟನ್ನು ತೂಕ ಮಾಡಿದೆ. ಮನೆಯವರು ನಕ್ಕರು. ಒಟ್ಟು 3 ಕೆ.ಜಿ. 200 ಗ್ರಾಂ! ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ 2024ರ ವರದಿಯ ಅಂದಾಜಿನಂತೆ ಭಾರತದ ಮನೆಗಳಲ್ಲಿ ತಲೆಗೆ ವರ್ಷಕ್ಕೆ 55 ಕೆ.ಜಿ. ಆಹಾರ ಕಸಕ್ಕೆ ಹೋಗುತ್ತದೆ, ಸಿಪ್ಪೆ ಬೀಜವೂ ಸೇರಿ. ಮೂವರಿಗೆ ಲೆಕ್ಕ ಹಾಕಿದರೆ ವಾರಕ್ಕೆ ಹೆಚ್ಚುಕಡಿಮೆ ನಮ್ಮ ಬಕೆಟ್ಟಿನಷ್ಟೇ. 'ನಮ್ಮನೇಲಿ ಒಂದಗಳೂ ಹಾಳಾಗಲ್ಲ' ಎಂದು ಹೇಳಿಕೊಂಡು ತಿರುಗುತ್ತಿದ್ದವಳು ನಾನು.

ಬೀದಿಯಲ್ಲಿ ಹಸುಗಳಿವೆಯಲ್ಲ ಎನ್ನುವವರಿದ್ದಾರೆ. ಪ್ಲಾಸ್ಟಿಕ್ ಕವರಿನಲ್ಲಿ ಗಂಟು ಕಟ್ಟಿದ ಅನ್ನವನ್ನು ಅವು ಕವರಿನ ಸಮೇತ ನುಂಗುವುದನ್ನು ಕಂಡಿದ್ದೇನೆ. ಕವರು ಬಿಚ್ಚಿ ಸುರಿದರೂ ಕಷ್ಟವೇ. ಹುಲ್ಲು ತಿನ್ನುವ ಹೊಟ್ಟೆಗೆ ಒಮ್ಮೆಲೇ ರಾಶಿ ಅನ್ನ ಬಿದ್ದರೆ ಒಳಗೆ ಹುಳಿಯೇರಿ ಪ್ರಾಣಕ್ಕೇ ಬರಬಹುದು. ಊರಲ್ಲಿ ಕಲಗಚ್ಚಿನಲ್ಲಿ ಅನ್ನ ಇರುತ್ತಿದ್ದದ್ದು ಒಂದೆರಡು ಮುಷ್ಟಿ, ಜೊತೆಗೆ ಹುಲ್ಲು ಇರುತ್ತಿತ್ತು.

ಈಗ ಆ ಹೆಚ್ಚುವರಿ ಹಿಡಿ ಬಿಟ್ಟಿದ್ದೇನೆ. ಮೊದಲೆರಡು ದಿನ ಏನೋ ತಪ್ಪು ಮಾಡಿದ ಹಾಗಾಯಿತು. ಆದರೂ ಅನ್ನ ಮಿಕ್ಕಿದರೆ ಫ್ರಿಜ್ಜಿನಲ್ಲಿಟ್ಟು, ಬೆಳಗ್ಗೆ ಅಕ್ಕಿಹಿಟ್ಟಿನ ಜೊತೆ ನಾದಿ ರೊಟ್ಟಿ ತಟ್ಟುತ್ತೇನೆ. ತಂಗಳನ್ನ ಎಂದರೆ ಮುಖ ಸಿಂಡರಿಸುವ ನಮ್ಮನೆಯವರು ಅದೇ ರೊಟ್ಟಿಯನ್ನು ಎರಡು ಹೆಚ್ಚಿಗೆ ತಿನ್ನುತ್ತಾರೆ. ಹೀರೇಕಾಯಿ ಸಿಪ್ಪೆ ಚಟ್ನಿಯಾಗುತ್ತದೆ, ಕಲ್ಲಂಗಡಿಯ ಬಿಳಿ ಭಾಗ ದೋಸೆಗೆ. ಎಲ್ಲ ಅತ್ತೆಯವರು ಮಾಡುತ್ತಿದ್ದದ್ದೇ. ಪೇಟೆಗೆ ಬಂದ ಮೇಲೆ ನಾನು ಮರೆತಿದ್ದೆ. ಕಳೆದ ವಾರದ ತೂಕ ಒಂದೂವರೆ ಕೆ.ಜಿ.

ನಿಮ್ಮಲ್ಲೊಂದು ಕೋರಿಕೆ. ಪುರವಣಿಯ ಅಡುಗೆ ಪುಟದಲ್ಲಿ ವಾರವಾರವೂ ಅರ್ಧ ಬಟ್ಟಲು ಕ್ರೀಮ್ ಬೇಡುವ ಹೊಸ ತಿಂಡಿಗಳೇ ಬರುತ್ತವೆ. ಉಳಿದ ಕ್ರೀಮ್ ಏನು ಮಾಡಬೇಕೆಂದು ಯಾರೂ ಬರೆಯುವುದಿಲ್ಲ. ತಿಂಗಳಿಗೊಮ್ಮೆಯಾದರೂ ನಿನ್ನೆಯ ಅನ್ನಕ್ಕೆ, ಬಾಡಿದ ಸೊಪ್ಪಿಗೆ, ಹಲಸಿನ ಬೀಜಕ್ಕೆ ಆ ಪುಟದಲ್ಲಿ ಜಾಗ ಕೊಡಿ. ಬರೆದು ಕಳಿಸಲು ನಮ್ಮ ಬೀದಿಯಲ್ಲೇ ನಾಲ್ಕು ಜನ ಇದ್ದೇವೆ.

– ಒಬ್ಬ ಗೃಹಿಣಿ, ವಿನೋಬನಗರ, ಶಿವಮೊಗ್ಗ