ಡಬ್ಬದ ಮೇಲಿನ ಲೀಟರ್ ನಂಬಬೇಡಿ

ಮಾನ್ಯರೇ,

ಬೀರುವಿನ ರೇಷ್ಮೆ ಸೀರೆಗೂ ಪುಸ್ತಕಕ್ಕೂ ಬೂಷ್ಟು ಹಿಡಿಯುತ್ತದೆಂದು ಮಲೆನಾಡು, ಕರಾವಳಿಯಲ್ಲಿ ಡಿಹ್ಯುಮಿಡಿಫೈಯರ್ (ಗಾಳಿಯ ತೇವ ಎಳೆದು ನೀರಾಗಿಸುವ ಯಂತ್ರ) ಕೊಳ್ಳುವವರಿದ್ದಾರೆ. ‘ದಿನಾ ಟ್ಯಾಂಕ್ ತುಂಬುತ್ತೆ, ಮುಗ್ಗಲು ವಾಸನೆ ಮಾತ್ರ ಹೋಗಿಲ್ಲ’ ಎಂಬ ದೂರೂ ಇದೆ. ಹೆಚ್ಚಿನಂಶ ತಪ್ಪು ಯಂತ್ರದ್ದಲ್ಲ, ಕೋಣೆಯದು.

ಹತ್ತಕ್ಕೆ ಹನ್ನೆರಡಡಿಯ, ಹತ್ತಡಿ ಎತ್ತರದ ಕೋಣೆ. 25 ಡಿಗ್ರಿ ಉಷ್ಣತೆ. ತೇವಾಂಶ ಶೇ 90ರಿಂದ 55ಕ್ಕೆ ಇಳಿಯಲು ಅಲ್ಲಿನ ಗಾಳಿಯಿಂದ ತೆಗೆಯಬೇಕಾದ ನೀರು ಕಾಲು ಲೀಟರಿಗಿಂತ ತುಸು ಹೆಚ್ಚು, ಅಷ್ಟೇ. ಆದರೆ ಸಂದುಗೊಂದುಗಳಿಂದ ಗಂಟೆಗೊಮ್ಮೆ ಕೋಣೆಯ ಗಾಳಿಯೆಲ್ಲ ಬದಲಾಗುವಷ್ಟು ಹೊರಗಾಳಿ ಒಳಬಂದರೆ ಲೆಕ್ಕ ದಿನಕ್ಕೆ ಆರು ಲೀಟರ್ ದಾಟುತ್ತದೆ. ಗೋಡೆ, ಮರ, ಹಾಸಿಗೆ ಬಿಡುವ ನೀರು ಬೇರೆ. ಮುಚ್ಚಿಗೆಯಿಲ್ಲದ ಹೆಂಚಿನ ಕೋಣೆಯಲ್ಲಿ ಯಂತ್ರ ಹಚ್ಚುವುದೆಂದರೆ ಊರಿನ ಮಳೆಗಾಲವನ್ನೇ ಒಣಗಿಸಲು ಹೊರಟಂತೆ. ತಾರಸಿಯೋ ಮುಚ್ಚಿಗೆಯೋ ಇರುವ ಒಂದೇ ಕೋಣೆ ಆರಿಸಿ, ಕಿಟಕಿ ಬಾಗಿಲ ಸಂದಿಗೆ ಸ್ಪಂಜಿನ ಪಟ್ಟಿ ಅಂಟಿಸಿ, ಬೀರುಗಳನ್ನು ಅಲ್ಲಿಗೇ ಸಾಗಿಸಿ.

ಯಂತ್ರದ ಡಬ್ಬದ ಮೇಲಿನ ‘ದಿನಕ್ಕೆ 20 ಲೀಟರ್’ ಎಂಬುದು ಸಾಮಾನ್ಯವಾಗಿ 30 ಡಿಗ್ರಿ, ಶೇ 80 ತೇವಾಂಶದಲ್ಲಿ ಅಳೆದದ್ದು. ಕೋಣೆ ಶೇ 60ಕ್ಕೆ ಬರುವ ಹೊತ್ತಿಗೆ ಅದರರ್ಧ ಸಿಕ್ಕರೆ ಪುಣ್ಯ. ಇಂಥ ಒಂದು ಕೋಣೆಗೆ 12 ಲೀಟರಿನ ಕಂಪ್ರೆಸರ್ ಯಂತ್ರ ಸಾಕು. ಸುಮಾರು 200 ವಾಟ್ ಎಂದರೆ, ಹತ್ತು ಗಂಟೆಗೆ ಎರಡು ಯೂನಿಟ್. ಕಂಪ್ರೆಸರ್ ಇಲ್ಲದ ಪುಟಾಣಿ ಯಂತ್ರಗಳು ದಿನಕ್ಕೆ ಅರ್ಧ ಲೀಟರ್ ಎಳೆದರೆ ಹೆಚ್ಚು. ಕೋಣೆಗೆ ಅವು ದಂಡ. ತೇವ ಹೀರಲೆಂದು ಬೀರುವಿನಲ್ಲಿಡುವ ಕ್ಯಾಲ್ಸಿಯಂ ಕ್ಲೋರೈಡ್ ಡಬ್ಬಿಯ ದ್ರವ ಚೆಲ್ಲಿದರೆ ಚರ್ಮದ ಚೀಲ, ಸೀರೆ ಎರಡೂ ಹಾಳು.

ಯಂತ್ರದ ಮೇಲಿನ ಅಂಕಿಯನ್ನಷ್ಟೇ ನೆಚ್ಚದೆ ಬೇರೊಂದು ತೇವಾಂಶ ಮಾಪಕ ಇಡಿ. ಅದು ಸರಿಯಿದೆಯೇ ಎಂದು ನೋಡುವುದು ಸುಲಭ: ಬಾಟಲಿ ಮುಚ್ಚಳದಲ್ಲಿ ಅಡುಗೆ ಉಪ್ಪಿಗೆ ನಾಲ್ಕು ಹನಿ ನೀರು ಹಾಕಿ (ಉಪ್ಪು ಒದ್ದೆ ಮಣ್ಣಿನಂತಿರಬೇಕು, ಕರಗಬಾರದು), ಮಾಪಕದ ಜೊತೆ ಗಾಳಿಯಾಡದ ಪ್ಲಾಸ್ಟಿಕ್ ಚೀಲದಲ್ಲಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಶೇ 75 ತೋರಿಸಬೇಕು. 70 ತೋರಿಸಿದರೆ ಮುಂದೆ ಐದು ಕೂಡಿಸಿ ಓದಿ.

ಯಂತ್ರದ ಗುರಿ ಶೇ 55ಕ್ಕಿಡಿ. 40ಕ್ಕಿಟ್ಟರೆ ಯಂತ್ರ ನಿಲ್ಲುವುದೇ ಇಲ್ಲ, ಹಳೆಯ ಮರದ ಸಾಮಾನು ಬಿರುಕು ಬಿಡಬಹುದು. ಗೋಡೆಯಿಂದ ಒಂದಡಿ ದೂರವಿಡಿ, ಬೀರುವಿನ ಬಾಗಿಲು ತೆರೆದಿರಲಿ. ಕೋಣೆ ಎರಡು ಮೂರು ಡಿಗ್ರಿ ಬಿಸಿಯಾದರೆ ಗಾಬರಿ ಬೇಡ, ಅದು ಸಹಜ. ಎರಡು ವಾರಕ್ಕೊಮ್ಮೆ ಫಿಲ್ಟರ್ ತೊಳೆಯದಿದ್ದರೆ ಗಾಳಿ ಕಟ್ಟಿ, ಒಳಗಿನ ತಣ್ಣನೆ ಸುರುಳಿಯ ಮೇಲೆ ಮಂಜುಗಡ್ಡೆ ಕೂರುತ್ತದೆ.

ನಮ್ಮಲ್ಲಿ ಕರೆಂಟಿನದು ಇನ್ನೊಂದು ಕತೆ. ಹೋಗಿ ಬಂದಾಗ ತಾನಾಗಿ ಶುರುವಾಗುವ ಯಂತ್ರವನ್ನೇ ಕೇಳಿ ಕೊಳ್ಳಿ. ಇಲ್ಲವಾದರೆ ರಾತ್ರಿ ಹೋದ ಕರೆಂಟ್ ಬಂದರೂ ಅದು ಬೆಳಗಿನ ತನಕ ಸುಮ್ಮನೆ ಕೂತಿರುತ್ತದೆ. ನೀರಿನ ಪೈಪನ್ನು ಬಚ್ಚಲಿಗೆ ಬಿಡುವುದಾದರೆ ಉದ್ದಕ್ಕೂ ಇಳಿಜಾರಿರಲಿ, ನಡುವೆ ಎಲ್ಲೂ ಎದ್ದಿರಬಾರದು. ಆ ನೀರನ್ನು ಇನ್ವರ್ಟರ್ ಬ್ಯಾಟರಿಗೆ ಸುರಿಯಬೇಡಿ: ತಿಳಿಯಾಗಿ ಕಂಡರೂ ಅದರಲ್ಲಿ ಧೂಳು, ಲೋಹದ ಅಂಶ ಇರುತ್ತದೆ. ನೆಲ ಒರೆಸಲು ಅಡ್ಡಿಯಿಲ್ಲ.

– ಓದುಗ, ತೀರ್ಥಹಳ್ಳಿ