ಮಗಳಿಗೊಂದು ಪತ್ರ: ದ್ರೌಪದಿ ಕೇಳಿದ ಪ್ರಶ್ನೆ ಎಲ್ಲಿ ಹೋಯಿತು?

ಪ್ರೀತಿಯ ಪುಟ್ಟಿ,

ಯಶ್ ರಾವಣನಾಗುವ ರಾಮಾಯಣದ ಬಗ್ಗೆ ಮೊನ್ನೆ ಫೋನಲ್ಲಿ ಎಷ್ಟು ಖುಷಿಯಿಂದ ಮಾತಾಡಿದೆ! ಜೊತೆಗೆ, "ಪುರಾಣದ ಸಿನಿಮಾ ಮೂಲದಲ್ಲಿ ಇದ್ದ ಹಾಗೇ ಇರಬೇಕಾ ಅಮ್ಮ?" ಅಂತಲೂ ಕೇಳಿದೆ. ಆಗ ಮಾತು ಅರ್ಧಕ್ಕೇ ನಿಂತಿತು, ಅದಕ್ಕೇ ಈ ಪತ್ರ.

ಇರಬೇಕಿಲ್ಲ ಪುಟ್ಟಿ. ನಮ್ಮ ಕವಿಗಳೂ ಹಾಗೇ ಇಟ್ಟವರಲ್ಲ. ಪಂಪ ತನ್ನ ದೊರೆ ಅರಿಕೇಸರಿಯನ್ನೇ ಅರ್ಜುನನಲ್ಲಿ ಕಂಡು ಬರೆದ. ಕುವೆಂಪು ರಾಮಾಯಣದಲ್ಲಿ ಸೀತೆಯ ಜೊತೆ ರಾಮನೂ ಬೆಂಕಿಗಿಳಿಯುತ್ತಾನೆ. ಕಥೆ ಬದಲಾದರೆ ನನಗೆ ಬೇಜಾರಿಲ್ಲ. ನೋವುಂಡವರ ಬಾಯಿ ಮುಚ್ಚಿಸಿದರೆ ಬೇಜಾರು.

ಜೂಜಿನ ಸಭೆಯನ್ನೇ ತಗೋ. ಕರೆಯಲು ಬಂದ ಆಳನ್ನು ದ್ರೌಪದಿ ವಾಪಸ್ ಕಳಿಸುತ್ತಾಳೆ. ಹೋಗಿ ಧರ್ಮರಾಜನನ್ನು ಕೇಳು, ಮೊದಲು ಸೋತಿದ್ದು ತನ್ನನ್ನೋ ನನ್ನನ್ನೋ? ತನ್ನನ್ನೇ ಸೋತವನಿಗೆ ಹೆಂಡತಿಯನ್ನು ಪಣಕ್ಕಿಡುವ ಹಕ್ಕು ಎಲ್ಲಿಂದ ಬಂತು? ಧರ್ಮ ಬಹಳ ಸೂಕ್ಷ್ಮ ಅಂತ ಹೇಳಿ ಭೀಷ್ಮರು ಜಾರಿಕೊಳ್ಳುತ್ತಾರೆ. ಅವಳ ಪರ ಎದ್ದು ಮಾತಾಡುವವನು ಕೌರವರಲ್ಲೇ ಒಬ್ಬ, ವಿಕರ್ಣ. ಎಂಥಾ ಸನ್ನಿವೇಶ ಅಲ್ವಾ! ಆದರೆ ಎಷ್ಟೋ ಸಿನಿಮಾಗಳಿಗೆ ಸೀರೆಯ ಮೇಲೇ ಕಣ್ಣು. ದುಶ್ಶಾಸನ ಎಳೆಯುತ್ತಾನೆ, ಅವಳು ಅಳುತ್ತಾಳೆ, ಕೃಷ್ಣ ಕೈ ಎತ್ತುತ್ತಾನೆ, ಸೀರೆ ಬೆಳೆಯುತ್ತದೆ, ಮುಗೀತು. ಪ್ರಶ್ನೆಯೇ ಮಾಯ. 1988ರಲ್ಲಿ ದೂರದರ್ಶನದಲ್ಲಿ ಶುರುವಾದ ಮಹಾಭಾರತ ಹಾಗೆ ಮಾಡಲಿಲ್ಲ. ರಾಹಿ ಮಾಸೂಮ್ ರಜಾ ಬರೆದ ಮಾತುಗಳನ್ನು ಹಿಡಿದು ದ್ರೌಪದಿಯಾದ ರೂಪಾ ಗಂಗೂಲಿ ಸಭೆಯ ಹಿರಿಯರನ್ನೆಲ್ಲ ತರಾಟೆಗೆ ತಗೊಂಡಿದ್ದನ್ನು ಒಮ್ಮೆ ನೋಡು.

ಇನ್ನು ಮೈಬಣ್ಣ. ವ್ಯಾಸರ ದ್ರೌಪದಿ ಕಪ್ಪು ಚೆಲುವೆ. ತೆರೆಯ ಮೇಲೆ ಮಾತ್ರ ಹೆಚ್ಚಾಗಿ ಬೆಳ್ಳಗಿನವಳೇ. ರಾಮ, ಕೃಷ್ಣರಿಗೆ ನೀಲಿ ಬಳಿದು, ಕಪ್ಪನ್ನು ರಾಕ್ಷಸರಿಗೆ ಮೀಸಲಿಡುತ್ತಾರೆ. ಕೆಟ್ಟವರು ಯಾರು ಅಂತ ಮಕ್ಕಳು ಬಣ್ಣ ನೋಡಿಯೇ ಹೇಳುವ ಹಾಗಾಗುತ್ತದೆ. ನನಗೆ ತುಂಬಾ ಸಿಟ್ಟು ಬರುವುದು ಇಲ್ಲೇ. 2023ರ ಆದಿಪುರುಷ್‌ನಲ್ಲಿ ಹನುಮಂತನ ಬಾಯಲ್ಲಿ ಬೀದಿ ಮಾತು ಹಾಕಿದ್ದಕ್ಕೆ ಗಲಾಟೆಯಾಗಿ ಸಂಭಾಷಣೆ ಬದಲಿಸಿದರು. ಬಂಗಾರದ ಲಂಕೆ ಕಪ್ಪು ಕೋಟೆಯಾಗಿದ್ದು ಮಾತ್ರ ಹಾಗೇ ಉಳಿಯಿತು.

ದೊಡ್ಡ ನಟರು ರಾವಣನಾಗುವುದು ನಮಗೇನೂ ಹೊಸದಲ್ಲ. 1958ರ ಭೂಕೈಲಾಸದಲ್ಲಿ ರಾಜ್‌ಕುಮಾರ್ ರಾವಣ. 1977ರ ಬಭ್ರುವಾಹನದಲ್ಲಿ ಅಪ್ಪ ಅರ್ಜುನನೂ ಅವರೇ, ಮಗನೂ ಅವರೇ. ಬಿಟ್ಟುಹೋದ ಹೆಂಡತಿ ಚಿತ್ರಾಂಗದೆಯ ಶೀಲದ ಬಗ್ಗೆ ಅರ್ಜುನ ಬಾಯಿಗೆ ಬಂದಂತೆ ಆಡುತ್ತಾನೆ. ಅಲ್ಲಿವರೆಗೂ ಕೈಮುಗಿದು ನಿಂತಿದ್ದ ಮಗ ಸಿಡಿದೇಳುತ್ತಾನೆ. ನಿನ್ನ ಗೆಲುವಿಗೆಲ್ಲ ಕೃಷ್ಣನೇ ಕಾರಣ, ನಿನ್ನದೇನಿದೆ ಅಂತ ಮುಖಕ್ಕೇ ಹಾಡಿ ಹೇಳುತ್ತಾನೆ. ಅಮ್ಮನಿಗಾದ ಅವಮಾನಕ್ಕೆ ಮಗ ಲೆಕ್ಕ ಕೇಳುವ ಆ ಹಾಡನ್ನು ಕನ್ನಡದ ಜನ ಈಗಲೂ ಗುನುಗುತ್ತಾರೆ. ಅರ್ಜುನನ ಮೇಲಿನ ಪ್ರೀತಿಯೇನೂ ಕಮ್ಮಿಯಾಗಿಲ್ಲ.

ರಾಮಾಯಣ ಬಂದಾಗ ಗೆಳತಿಯರ ಜೊತೆ ಹೋಗಿ ನೋಡು. ಶೂರ್ಪನಖಿಯ ಮೂಗು ಕೊಯ್ಯುವಾಗ ಥಿಯೇಟರಿನಲ್ಲಿ ಜನ ನಗುತ್ತಾರಾ, ಸಾಯುವ ವಾಲಿಗೆ ರಾಮನನ್ನು ಪ್ರಶ್ನಿಸಲು ಬಿಟ್ಟಿದ್ದಾರಾ, ಗಮನಿಸಿ ಹೇಳು. ಅದಕ್ಕೂ ಮೊದಲು ದ್ರೌಪದಿಯ ಪ್ರಶ್ನೆಗೆ ನಿನ್ನ ಉತ್ತರ ಬೇಕು ನನಗೆ. ಲಾ ಓದುತ್ತಿರುವವಳು ನೀನು. ಹಾಸ್ಟೆಲಿನಲ್ಲಿ ಎಲ್ಲರೂ ಕೂತು ವಾದ ಮಾಡಿ ನೋಡಿ. ಧರ್ಮರಾಜನ ಪರ ವಾದಿಸುವವಳೂ ಒಬ್ಬಳಿರಲಿ.

ನಿನ್ನ
ಅಮ್ಮ