ನವೆಂಬರ್ 24

ಪುಟ್ಟಿ,

ಮೊನ್ನೆ ನೀನು ಫೋನ್ ಕಟ್ ಮಾಡಿದ ಮೇಲೆ ನಿಮ್ಮಮ್ಮ ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ಫೋನಿನಲ್ಲಿ ನನಗೆ ಗಂಟಲು ಮಾತ್ರ ಏರುತ್ತದೆ, ಮಾತು ಬರುವುದಿಲ್ಲ. ಅದಕ್ಕೇ ಈ ಕಾಗದ.

"ಅಂಬರೀಶಣ್ಣನ ಪುಣ್ಯತಿಥಿಗೆ ಫ್ಲೆಕ್ಸು, ಅನ್ನದಾನ. ಅದೇ ದಿನ ನಾಲೆಗೆ ಬಿದ್ದು ಸತ್ತವರಿಗೆ ಏನು ಮಾಡ್ತೀರಪ್ಪಾ?" ಅಂದೆ ನೀನು. "ಮಂಡ್ಯದಲ್ಲಿ ಹುಟ್ಟಿ ಹೀಗಂತೀಯಾ" ಎಂದು ನಾನು ಕೂಗಿಬಿಟ್ಟೆ. ಕೂಗಬಾರದಿತ್ತು.

2018. ಶನಿವಾರ, ಅರ್ಧ ದಿನದ ಸ್ಕೂಲು. ನೀನು ಎಂಟನೇ ಕ್ಲಾಸು. ಕನಗನಮರಡಿ ಹತ್ತಿರ ಖಾಸಗಿ ಬಸ್ಸು ವಿ.ಸಿ. ನಾಲೆಗೆ ಬಿತ್ತಂತೆ, ಸ್ಕೂಲ್ ಮಕ್ಕಳೂ ಇದ್ದರಂತೆ ಎಂದು ಸುದ್ದಿ ಬಂತು. ನಿನ್ನ ಬಸ್ಸು ಆ ದಾರಿಯದಲ್ಲ. ಅದು ಗೊತ್ತಿದ್ದರೂ ಅರಳಿಕಟ್ಟೆ ಹತ್ತಿರ ಹೋಗಿ ನಿಂತೆ. ಒಂದು ಬಸ್ಸು ಬಂತು, ನೀನಿಲ್ಲ. ಇನ್ನೊಂದು ಬಂತು, ಅದರಲ್ಲೂ ಇಲ್ಲ. ಕಬ್ಬಿನ ಟ್ರ್ಯಾಕ್ಟರ್ ಸದ್ದಾದರೂ ರಸ್ತೆಗೆ ಇಳಿದು ನೋಡುತ್ತಿದ್ದೆ. ಮೂರೂವರೆಗೆ ಇಳಿದೆಯಲ್ಲ, ಕೈಯಲ್ಲಿ ಅರ್ಧ ತಿಂದ ಸೀಬೆಕಾಯಿ. ತಬ್ಬಿಕೊಳ್ಳುವುದು ಬಿಟ್ಟು ಕೆನ್ನೆಗೆ ಹೊಡೆದೆ. ಸೀಬೆಕಾಯಿ ಚರಂಡಿಗೆ ಬಿತ್ತು. ನೀನು ಅಳಲಿಲ್ಲ, ಅದನ್ನೇ ನೋಡುತ್ತಾ ನಿಂತೆ. ನಾಲೆ ಏರಿ ಮೇಲೆ ಹೋದಾಗಲೆಲ್ಲ ನನಗೆ ಆ ಸೀಬೆಕಾಯಿ ಕಾಣುತ್ತದೆ.

ರಾತ್ರಿ ಅಂಬರೀಶಣ್ಣ ಹೋದರು ಅಂತ ಟಿವಿಯಲ್ಲಿ ಬಂತು. ಮಾರನೇ ದಿನ ನಿನಗೆ ಜ್ವರ. "ಹೋಗಬೇಡಪ್ಪ" ಅಂದೆ ನೀನು. ಹೋದೆ. ಮಂಡ್ಯ ಸ್ಟೇಡಿಯಂನಲ್ಲಿ ರಾತ್ರಿಯೆಲ್ಲ ಇದ್ದೆ. ಬೆಳಿಗ್ಗೆ ಅಣ್ಣನನ್ನು ಬೆಂಗಳೂರಿಗೆ ವಾಪಸ್ ಒಯ್ಯುವ ಮುಂಚೆ ಸುಮಲತಾ ಅವರು ಮಂಡ್ಯದ ಮಣ್ಣನ್ನು ಅವರ ಹಣೆಗಿಟ್ಟಾಗ ಜೋರಾಗಿ ಅತ್ತೆ. ಅದಕ್ಕೆ ನಾಚಿಕೆಯಿಲ್ಲ. ಜ್ವರದಲ್ಲಿ ನಿನ್ನನ್ನು ಬಿಟ್ಟು ಹೋಗಿದ್ದಕ್ಕೆ ಇದೆ.

2021ರಲ್ಲಿ ಅಪ್ಪು ಹೋದಾಗ ನೀನೂ ಎರಡು ದಿನ ಊಟ ಬಿಟ್ಟವಳೇ ಅಲ್ವಾ? ಅವರ ಕಣ್ಣಿಂದ ನಾಲ್ವರಿಗೆ ದೃಷ್ಟಿ ಬಂತು ಎಂದು ಕೇಳಿ ನನ್ನ ಕೈಲಿ ನೇತ್ರದಾನಕ್ಕೆ ಸಹಿ ಹಾಕಿಸಿದೆ. ಊರೆಲ್ಲ ಹೇಳಿಕೊಂಡು ತಿರುಗಿದ್ದೆ, ನಿನಗೆ ಮಾತ್ರ ಹೇಳಿರಲಿಲ್ಲ. ದೊಡ್ಡವರನ್ನು ನೆನೆಯುವುದು ತಪ್ಪಲ್ಲ ಕಣೇ. ಬೆಂಗಳೂರಿಗೆ ಹೋದ ತಕ್ಷಣ ಊರಿನವರೆಲ್ಲ ದಡ್ಡರು ಅನ್ನಿಸಬಾರದು. ಹಿರಿಯರ ಮಾತಿನ ಮಧ್ಯೆ ಫೋನ್ ಕಟ್ ಮಾಡಬಾರದು. ಹೊತ್ತಿಗೆ ಸರಿಯಾಗಿ ಊಟ ಮಾಡಬೇಕು. ಇರಲಿ, ಮತ್ತೆ ಭಾಷಣ ಶುರುವಾಯಿತು.

ನಿನ್ನೆ ರಾತ್ರಿ ನಿದ್ದೆ ಬರದೆ ಅಣ್ಣನ ಸಿನಿಮಾಗಳನ್ನು ಎಣಿಸಿದೆ. ಐವತ್ತು ದಾಟಿತು. ನಾಲೆಯಲ್ಲಿ ಹೋದವರು 30 ಜನ. ಅವತ್ತು ಪೇಪರಿನಲ್ಲಿ ಹೆಸರು ಓದಿದ್ದೆ. ಒಂದೂ ನೆನಪಾಗಲಿಲ್ಲ ಪುಟ್ಟಿ.

ಬೆಳಿಗ್ಗೆ ಹುಡುಗರ ಹತ್ತಿರ, ಫ್ಲೆಕ್ಸಿನ ಕೆಳಗೆ ಅವರಿಗೂ ಒಂದು ಸಾಲು ಹಾಕಿಸೋಣ ಅಂದೆ. "ಅಣ್ಣನ ದಿನ ಅದೆಲ್ಲ ಯಾಕೆ ಬಿಡಿ" ಅಂದರು. ಸುಮ್ನೆ ಬಂದೆ. ಅನ್ನದಾನದ ದುಡ್ಡು ಕೊಟ್ಟೇ ಬಂದೆ.

ಶನಿವಾರ ಬರುವುದಾದರೆ ಮಂಡ್ಯದಲ್ಲಿ ಇಳಿದು ಅಲ್ಲೇ ಇರು. ನಾಲೆ ದಾರಿಯ ಬಸ್ಸು ಹತ್ತಬೇಡ. ಸ್ಕೂಟರ್ ತರುತ್ತೇನೆ.

ನಿನ್ನ ಅಪ್ಪ